ಅತ್ತೆ ಕೇಳಿದ ಅಬ್ಬಾ

1982ರಲ್ಲಿ ಖಾಲಿ ಕ್ಯಾಸೆಟ್ಟಿಗೆ 25 ರೂಪಾಯಿ ಇತ್ತು. ಅದಕ್ಕೆ ಹಾಡು ತುಂಬಿಸಿಕೊಡಲು ಅಂಗಡಿಯವನು ಇನ್ನೂ 10 ರೂಪಾಯಿ ತೆಗೆದುಕೊಳ್ಳುತ್ತಿದ್ದ. ಮಸಾಲೆದೋಸೆ 2 ರೂಪಾಯಿಗೆ ಸಿಗುತ್ತಿದ್ದ ಕಾಲ, ಅದೇನು ಸಣ್ಣ ದುಡ್ಡಲ್ಲ. ಚಾಮರಾಜಪೇಟೆಯ ನಮ್ಮ ವಠಾರದ ಮನೆಯಲ್ಲಿ, ಮಾವ ಕುವೈತಿನಿಂದ ತಂದ ಟೂ-ಇನ್-ಒನ್ನಿಗೆ ಅಮ್ಮ ಕಸೂತಿಯ ಹೊದಿಕೆ ಹೊಲಿದು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದರು. ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ವಾಸನೆಯೂ ಒಳಗಿನ ಒಗ್ಗರಣೆಯ ಇಂಗಿನ ಘಮವೂ ಅಲ್ಲಿ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು.

ಸ್ವೀಡನ್ನಿನ ಅಬ್ಬಾ ತಂಡ ನಮಗೆ ಆಗಲೇ ಪರಿಚಯವಿತ್ತು. 1974ರ ಯೂರೋವಿಷನ್ ಸ್ಪರ್ಧೆಯಲ್ಲಿ ಗೆದ್ದ 'ವಾಟರ್ಲೂ' ಹಾಡಿಗೆ ಕಾಲೇಜ್ ಡೇಯಲ್ಲಿ ನಾವು ಬೆಲ್‌ಬಾಟಮ್ ತೊಟ್ಟು ಕುಣಿದಿದ್ದೆವು. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಮಿರಮಿರ ಮಿಂಚುವ ಬಟ್ಟೆ, ಸದಾ ನಗುಮುಖ. ಅವರಿಗೂ ದುಃಖವಿದ್ದೀತೆಂದು ಆ ವಯಸ್ಸಿನಲ್ಲಿ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರ 'ದಿ ವಿಸಿಟರ್ಸ್' ಆಲ್ಬಂ ಬಂತು. ಸ್ಟಾಕ್‌ಹೋಮಿನಲ್ಲಿ ಅದು ಬಿಡುಗಡೆಯಾದದ್ದು 1981ರ ನವೆಂಬರ್ 30ರಂದು. ಕ್ಯಾಸೆಟ್ ಅಂಗಡಿಯವನು ಅದರ ರಕ್ಷಾಪುಟವನ್ನು ಗಾಜಿನ ಹಿಂದೆ ಸಿಕ್ಕಿಸಿದ್ದ. ಮಬ್ಬುಗತ್ತಲ ಕೋಣೆ, ನಾಲ್ವರೂ ದೂರದೂರ, ಯಾರ ಮುಖದಲ್ಲೂ ನಗುವಿಲ್ಲ. ಅದು ಜೂಲಿಯಸ್ ಕ್ರೋನ್‌ಬರ್ಗ್ ಎಂಬ ಚಿತ್ರಕಾರನ ಹಳೆಯ ಸ್ಟುಡಿಯೋ. ಅವರ ಬೆನ್ನ ಹಿಂದಿನ ದೊಡ್ಡ ಚಿತ್ರ ಪ್ರೇಮದೇವತೆ ಎರೋಸನದು.

ಆ ನಗು ಮಾಯವಾದ ಕಾರಣವನ್ನು ಇಂಗ್ಲಿಷ್ ಪತ್ರಿಕೆಗಳಿಂದ ತಿಳಿದುಕೊಂಡೆ. ತಂಡದ ಅಗ್ನೆತಾ ಮತ್ತು ಬ್ಯೋರ್ನ್ 1971ರಲ್ಲಿ ಮದುವೆಯಾಗಿ, 1980ರ ಹೊತ್ತಿಗೆ ವಿಚ್ಛೇದನ ಪಡೆದಿದ್ದರು. ಇನ್ನೊಂದು ಜೋಡಿ ಬೆನ್ನಿ ಮತ್ತು ಫ್ರಿಡಾ ಬೇರೆಯಾಗುವ ಸುದ್ದಿ 1981ರ ಫೆಬ್ರವರಿಯಲ್ಲಿ ಹೊರಬಿತ್ತು. ಮರುತಿಂಗಳೇ ನಾಲ್ವರೂ ಇದೇ ಆಲ್ಬಂನ ಕೆಲಸಕ್ಕೆ ಕೂತರು. ಆ ಎರಡನೆಯ ಅಗಲಿಕೆಯ ಕುರಿತೇ ಬ್ಯೋರ್ನ್ ಬರೆದ ಹಾಡಿಗೆ ಬೆನ್ನಿ ರಾಗ ಕೂಡಿಸಿದ, ಫ್ರಿಡಾ ದನಿಗೊಟ್ಟಳು.

ನಮ್ಮ ಮನೆಯಲ್ಲಿ ಆಗ ಅಪ್ಪನ ಅಕ್ಕ ಇದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ತಗಡಿನ ಟ್ರಂಕು ಹಿಡಿದು ತವರಿಗೆ ಬಂದವರು. ಯಾರಾದರೂ ವಿಚಾರಿಸಿದರೆ ಅಜ್ಜಿ, "ಅವಳಿಗೆ ಅಲ್ಲಿನ ನೀರು ಒಗ್ಗಲಿಲ್ಲ" ಎಂದು ಮುಗಿಸಿಬಿಡುತ್ತಿದ್ದರು. ವಿಚ್ಛೇದನ ಎಂಬ ಮಾತು ನಮ್ಮ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ.

ಒಂದು ಸಂಜೆ ಅತ್ತೆ ಒರಳಿನ ಮುಂದೆ ಕೂತು ದೋಸೆಹಿಟ್ಟು ರುಬ್ಬುತ್ತಿದ್ದಾಗ ನಾನು ಅದೇ ಆಲ್ಬಂನ 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್' ಹಾಕಿದ್ದೆ. "ಏನೋ ಇದು, ಜೋಗುಳವಾ?" ಎಂದರು. ಮಗಳು ಬೆಳಗ್ಗೆ ಶಾಲೆಗೆ ಹೊರಡುವುದನ್ನು ನೋಡಿ ನಿಂತ ತಾಯಿಯ ಹಾಡು, ಅಪ್ಪ ಬ್ಯೋರ್ನ್ ಬರೆದದ್ದು, ಅಮ್ಮ ಅಗ್ನೆತಾ ಹಾಡಿದ್ದು, ಈಗ ಅವರಿಬ್ಬರೂ ಬೇರೆಯಾಗಿದ್ದಾರೆ ಎಂದು ವಿವರಿಸಿದೆ. ಅತ್ತೆ ಗುಂಡುಕಲ್ಲು ನಿಲ್ಲಿಸಿದರು. "ಬೇರೆ ಆದಮೇಲೂ ಅವನು ಬರೆದದ್ದನ್ನ ಇವಳು ಹಾಡಿದಳಾ?" "ಹೂಂ ಅತ್ತೆ." "ಹಾಗಾದ್ರೆ ಇಬ್ಬರೂ ಮರ್ಯಾದಸ್ಥರು" ಎಂದು ಮತ್ತೆ ರುಬ್ಬತೊಡಗಿದರು.

1982ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾನೋವರ್ ಬಳಿಯ ಕಾರ್ಖಾನೆಯೊಂದರಲ್ಲಿ ಪಾಪ್ ಸಂಗೀತದ ಮೊದಲ ಸಿ.ಡಿ. ಅಚ್ಚಾಯಿತು. ಅದರಲ್ಲಿದ್ದದ್ದು ಇದೇ ಆಲ್ಬಂ. ನಾವು ಇನ್ನೂ ಕ್ಯಾಸೆಟ್ಟಿಗೆ ದುಡ್ಡು ಕೂಡಿಡುತ್ತಿದ್ದಾಗಲೇ ಕ್ಯಾಸೆಟ್ಟಿನ ಕಾಲವನ್ನು ಮುಗಿಸಲಿದ್ದ ವಸ್ತು ಅಲ್ಲಿ ಹುಟ್ಟಿತ್ತು. ಮುಂದೆ ಒರಳೂ ಹೋಯಿತು, ಟೂ-ಇನ್-ಒನ್ ಗುಜರಿ ಸೇರಿತು, ವಠಾರದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಹೋಗಬೇಕಾದದ್ದು ಹೋಗುತ್ತದೆ. ಅಜ್ಜಿಯ ಆ ನೀರಿನ ನೆಪವೂ ಹೋಯಿತು. ಈಚೆಗೆ ನೆಂಟರ ಹುಡುಗಿಯೊಬ್ಬಳು ತನ್ನ ವಿಚ್ಛೇದನದ ವಿಷಯವನ್ನು ತಾನೇ ಫೋನ್ ಮಾಡಿ ಹೇಳಿದಳು. ಅದು ಒಳ್ಳೆಯದೇ ಆಯಿತು.

40 ವರ್ಷ ಕಳೆದು, 2021ರ ನವೆಂಬರಿನಲ್ಲಿ, ಎಪ್ಪತ್ತು ದಾಟಿದ ಆ ನಾಲ್ವರೂ 'ವಾಯೇಜ್' ಎಂಬ ಹೊಸ ಆಲ್ಬಂ ಹೊರತಂದರು. ಮರ್ಯಾದಸ್ಥರೆಂದು ಅತ್ತೆ ಅಂದದ್ದು ಸರಿಯಾಗಿತ್ತು. ನೀವು 'ದಿ ವಿಸಿಟರ್ಸ್' ಕೇಳುವುದಾದರೆ ಮೂಲದ ಒಂಬತ್ತೂ ಹಾಡುಗಳನ್ನು ಅದೇ ಸಾಲಿನಲ್ಲಿ ಕೇಳಿ. ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ.