ನೀರಿನ ದೋಟಿ

ಇಂಗ್ಲೆಂಡಿನಲ್ಲಿ ಕಿಟಕಿ ತೊಳೆಯೋದೇ ಒಂದು ಕಸುಬು. ಕೆಲವು ವಾರಕ್ಕೊಮ್ಮೆ ಬರ್ತಾರೆ, ಹೊರಗಿಂದ ತೊಳೀತಾರೆ, ದುಡ್ಡು ತಗೊಂಡು ಹೋಗ್ತಾರೆ. ರೆಡಿಂಗ್‌ಗೆ ಬಂದ ಹೊಸತರಲ್ಲಿ ನನಗೆ ನಗು ಬರ್ತಿತ್ತು. ಹಳೇ ಪೇಪರ್ ಒದ್ದೆ ಮಾಡಿ ಉಜ್ಜಿದರೆ ಮುಗೀತು, ಇದಕ್ಕೊಬ್ಬ ಆಳು ಬೇಕಾ? ಆದರೆ ಆ ಮನುಷ್ಯ ವ್ಯಾನಿನಿಂದ ಕಪ್ಪು ಕೋಲೊಂದನ್ನು ತೆಗೆದು, ಒಂದರೊಳಗಿಂದ ಇನ್ನೊಂದು ಎಳೆಯುತ್ತಾ ಹೋಗಿ ಮೇಲಿನ ಮಹಡಿಗೆ ಮುಟ್ಟಿಸಿದಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು. ಅರೆ, ದೋಟಿ!

ಕೋಲಿನ ತುದಿಗೆ ಬ್ರಷ್, ಬ್ರಷ್ಷಿನಲ್ಲಿ ಸಣ್ಣ ತೂತುಗಳು, ಅವಕ್ಕೆ ವ್ಯಾನಿನಿಂದ ಪೈಪು. ಸೋಪಿಲ್ಲ. ಉಜ್ಜಿ, ನೀರು ಹರಿಸಿ, ಹಾಗೇ ಬಿಟ್ಟು ಹೋಗ್ತಾರೆ. ಒರೆಸೋದೇ ಇಲ್ಲ! ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಲೆಗಳನ್ನು ಬಕೆಟ್ಟಿನಿಂದ ಕೆರೆದವರಿಗೆ ಇದು ಆಶ್ಚರ್ಯವೇ. ರೆಡಿಂಗ್ ನೀರೂ ಏನು ಕಮ್ಮಿ ಇಲ್ಲ, ಸುಣ್ಣಕಲ್ಲಿನ ಜಾತಿಯ ಬಂಡೆಯೊಳಗಿಂದ ಬರುವ ಗಡಸು ನೀರು. ನನ್ನ ಕೆಟಲ್ ತಳ ನೋಡಬೇಕು ನೀವು.

ಕೇಳಿದಾಗ ವ್ಯಾನಿನ ಹಿಂಬಾಗಿಲು ತೆರೆದು ತೋರಿಸಿದ. ಮನೆಯ ಆರ್‌ಒ ಫಿಲ್ಟರ್‌ನ ದೊಡ್ಡಣ್ಣ, ಅದಾದ ಮೇಲೆ ರಾಳದ ಮಣಿಗಳು ತುಂಬಿದ ಸಿಲಿಂಡರ್. ಆರ್‌ಒ ದಾಟಿ ಬಂದ ಚೂರುಪಾರು ಲವಣವನ್ನೂ ಆ ಮಣಿಗಳು ಹಿಡಿದುಕೊಳ್ಳುತ್ತವೆ. ಕೊನೆಗೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನೀರು ಆರಿದ ಮೇಲೆ ಉಳಿಯುವ ಕಲೆ ಅಂದರೆ ನೀರಿನಲ್ಲಿ ಕರಗಿದ್ದ ಲವಣ ತಾನೇ? ಏನೂ ಕರಗಿಲ್ಲದಿದ್ದರೆ ಕಲೆ ಎಲ್ಲಿಂದ ಬರಬೇಕು?

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಾನು ಬಾಡಿಗೆಗಿರುವುದು ಒಬ್ಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆ ಮನೆ, ಮರದ ಸ್ಯಾಶ್ ಕಿಟಕಿಗಳು. ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟುಗಳು, ಪಕ್ಕದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡುಗಳು, ಮೇಲೆ ಪುಟ್ಟ ರಾಟೆ. ನಮ್ಮ ಬಾವಿಯ ರಾಟೆಯ ತಮ್ಮ ಅನ್ನಿ. ಬೆರಳಲ್ಲಿ ಎತ್ತಿದರೆ ಏಳುತ್ತೆ. ಗಾಜನ್ನು ಹಿಡಿದಿರುವುದು ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿದ ಪುಟ್ಟಿ.

ಸೊನ್ನೆ ನೀರಿಗೆ ಸೋಲಾಗುವುದು ಇಲ್ಲೇ. ವಯಸ್ಸಾದ ಬಣ್ಣ ಪುಡಿಪುಡಿಯಾಗಿರುತ್ತದೆ. ಮೇಲಿನ ಮರಕ್ಕೆ ತಾಗಿದ ನೀರು ಆ ಪುಡಿ ಹೊತ್ತು ಗಾಜಿನ ಮೇಲೆ ಇಳಿಯುತ್ತದೆ, ಎರಡಡಿ ಪಯಣದಲ್ಲೇ ಶುದ್ಧತೆಯೆಲ್ಲ ಮುಗೀತು. ತೊಳೆದು ಅರ್ಧ ಗಂಟೆ ಆದ ಮೇಲೂ ಸಂದಿಯಿಂದ ಹನಿ ತೊಟ್ಟಿಕ್ಕಿ ಗೆರೆ ಬೀಳುತ್ತದೆ. ಹಾಗಾಗಿ ಮೊದಲು ಮರವನ್ನೇ ಚೆನ್ನಾಗಿ ತೊಳೆದು, ನೀರು ಇಳಿಯಲು ಬಿಟ್ಟು, ಆಮೇಲೆ ಗಾಜು. ನೀರು ಸಣ್ಣಗಿರಬೇಕು, ಎರಡು ಚೌಕಟ್ಟು ಕೂಡುವ ಸಂದಿಗೆ ಹೊಡೆಯಬಾರದು. ಪುಟ್ಟಿ ಬಿರುಕು ಬಿಟ್ಟಿದ್ದರೆ ಕೋಲು ಹಚ್ಚಲೇಬಾರದು. ಬಿರುಕಿನೊಳಗೆ ಹೊಕ್ಕ ನೀರು ಹೊರಗೆ ಬರದೆ ಕೆಳಗಿನ ಮರವನ್ನು ಕೊಳೆಸುತ್ತದೆ.

ಅಜ್ಜಿಯ ಹಿಂಬದಿ ಕಿಟಕಿ ಇಂಥದ್ದೇ. ಅವನು ಅದೊಂದನ್ನು ಮುಟ್ಟಲಿಲ್ಲ.

"ನಿಮ್ಮಪ್ಪ ಏಣಿ ಹತ್ತಿ ಕೈಯಲ್ಲೇ ಒರೆಸುತ್ತಿದ್ದ," ಅಂದರು ಅಜ್ಜಿ. ದನಿಯಲ್ಲಿ ಸಿಟ್ಟಿತ್ತು.

"ಹೌದು. ಒಂದು ದಿನ ಏಣಿ ಬಿಟ್ಟೂ ಇಳಿದ," ಅಂದ ಅವನು. ಅವರಪ್ಪ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮತ್ತೆ ಕೆಲಸಕ್ಕೆ ಹೋಗಲಿಲ್ಲವಂತೆ.

ಎತ್ತರಕ್ಕೆ ಹೋಗದೆ ಮಾಡಬಹುದಾದ ಕೆಲಸವನ್ನು ಹೋಗದೆಯೇ ಮಾಡಿ ಅಂತ 2005ರಲ್ಲಿ ಇಲ್ಲಿ ನಿಯಮ ಬಂತು. ಅದಕ್ಕೂ ಬಹಳ ಹಿಂದೆ ಇಂಥ ಮನೆಗಳಲ್ಲಿ ಕೆಲಸದ ಹುಡುಗಿಯರು ಕಿಟಕಿಯಲ್ಲಿ ಹೊರಮುಖವಾಗಿ ಕೂತು ಗಾಜು ಒರೆಸುತ್ತಿದ್ದರು. ಬಿದ್ದು ಸತ್ತವರೂ ಇದ್ದರು. ಈ ಅಂದದ ಕಿಟಕಿಗಳ ಫೋಟೋ ತೆಗೆಯುವಾಗ ನಮಗೆ ಅವರ ನೆನಪು ಬರುವುದಿಲ್ಲ.

ನನಗೆ ಅವನ ಮಾತು ಚುಚ್ಚಿದ್ದಕ್ಕೆ ಕಾರಣ ಬೇರೆ. ನಮ್ಮದು ಶಿರಸಿ ಕಡೆಯ ತೋಟದ ಮನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಪಾಚಿಗಟ್ಟಿದ ಮರ ಹತ್ತುತ್ತಿದ್ದ ಕೊನೆಗೌಡರನ್ನು ನೋಡುತ್ತಾ ಬೆಳೆದವನು ನಾನು. ಒಬ್ಬರು ಬಿದ್ದರು. ಬದುಕಿದ್ದಾರೆ, ನಡೆಯಲಾರರು. ಈಗ ಅಪ್ಪನ ತೋಟಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ, ಪೈಪು ಕಟ್ಟಿ ನೆಲದಲ್ಲೇ ನಿಂತು ಹೊಡೀತಾರೆ. ಇಲ್ಲಿ ಬರೀ ನೀರು, ಅಲ್ಲಿ ಮೈಲುತುತ್ತ-ಸುಣ್ಣ, ಅಷ್ಟೇ ವ್ಯತ್ಯಾಸ. ಫೋನಲ್ಲಿ ಹೇಳಿದಾಗ ಅಪ್ಪ, "ಹತ್ತಿ ಹೊಡೆದಷ್ಟು ಚೆನ್ನಾಗಿ ಎಲ್ಲ ಕೊನೆಗೂ ತಾಗೋದಿಲ್ಲ ಮಾರಾಯ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಾಗದಿದ್ರೆ ಬೇಡ ಬಿಡು," ಅಂತಲೂ ಅಂದರು.

ಅಜ್ಜಿಗೆ ಇದನ್ನೆಲ್ಲ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಎಷ್ಟು ತಲುಪಿತೋ ಗೊತ್ತಿಲ್ಲ. ಮುಂದಿನ ವಾರ ಬಡಗಿಯನ್ನು ಕರೆಸಿದರು. ಅವನು ಚೌಕಟ್ಟನ್ನೇ ಒಳಗಿಂದ ಬಿಚ್ಚಿ, ಹಾಲಿನಲ್ಲಿ ಮೇಜಿನ ಮೇಲೆ ಮಲಗಿಸಿ, ಕೊಳೆತ ಮರ ಕತ್ತರಿಸಿ, ಹೊಸ ತುಂಡು ಸೇರಿಸಿ, ಹೊಸ ಪುಟ್ಟಿ ಮೆತ್ತಿದ. ಪುಟ್ಟಿ ಬಿಗಿಯಲು ಕೆಲವು ವಾರ ಬೇಕು. ಆಮೇಲೆ ಬಣ್ಣ, ಅದೂ ಗಾಜಿನ ಮೇಲೆ ಒಂದೆರಡು ಮಿಲಿಮೀಟರ್ ಹತ್ತುವಂತೆ, ನೀರು ನುಸುಳದಿರಲಿ ಅಂತ. ಅಲ್ಲಿಯವರೆಗೆ ಕೋಲು ಹತ್ತಿರ ಸುಳಿಯುವಂತಿಲ್ಲ.

ಸದ್ಯಕ್ಕೆ ಗಾಜಿನ ತುಂಬ ಬಡಗಿಯ ಹೆಬ್ಬೆಟ್ಟಿನ ಎಣ್ಣೆ ಗುರುತುಗಳು. ಅಜ್ಜಿ ಅದರ ಮುಂದೆ ಒಂದು ಹೂಕುಂಡ ಇಟ್ಟಿದ್ದಾರೆ.