ಅಂಗಾತ ಮಲಗಿದ ಕೂಸು

ಮಕ್ಕಳೇ, ನಿಮ್ಮ ಮನೆಯಲ್ಲಿ ಎಳೆಗೂಸು ಇದೆಯೇ? ಅದನ್ನು ಹೇಗೆ ಮಲಗಿಸುತ್ತಾರೆಂದು ಗಮನಿಸಿದ್ದೀರಾ?

ನಮ್ಮ ಮನೆ ಕಲಬುರಗಿಯ ಮೋಮಿನಪುರದಲ್ಲಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಮೇ ತಿಂಗಳು. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆದರೂ ಅಜ್ಜಿ ಕೂಸಿಗೆ ಕುಲಾವಿ ಕಟ್ಟಿ, ಕೌದಿ ಹೊದಿಸುತ್ತಿದ್ದರು. ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ಬೇರೆ!

ಮಧ್ಯಾಹ್ನ ಕೂಸು ಕಾಯುವ ಕೆಲಸ ನನ್ನದು. ಒಂದು ದಿನ ನನಗೆ ತೂಕಡಿಕೆ ಬಂತು. ಎಚ್ಚರವಾಗಿ ನೋಡಿದರೆ ಕೌದಿ ಕೂಸಿನ ಮುಖವನ್ನೇ ಮುಚ್ಚಿತ್ತು! ಎದೆ ಧಸಕ್ಕೆಂದಿತು. ಸರಿಸಿದೆ. ಮುಖ ಕೆಂಪಾಗಿ ಬೆವತಿತ್ತು. ಕೂಸು ಜೋರಾಗಿ ಅತ್ತಾಗಲೇ ನನಗೆ ಜೀವ ಬಂದದ್ದು.

ಮರುದಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಅಂಜುತ್ತಲೇ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಕುಲಾವಿ, ಕೌದಿ, ದಿಂಬು ತೆಗೆಸಿದರು. ತೆಳು ಅಂಗಿ ತೊಡಿಸಿ, ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಕೂಸನ್ನು ಅಂಗಾತ ಮಲಗಿಸಿದರು.

"ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸುವ ಶಕ್ತಿ ಎಳೆಗೂಸಿಗಿಲ್ಲ. ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಆಮ್ಲಜನಕ ಸಾಲದು. ಮೈ ವಿಪರೀತ ಕಾಯುವುದೂ ಅಪಾಯ" ಎಂದರು.

ಅಜ್ಜಿ ಒಪ್ಪಲಿಲ್ಲ. "ಅಂಗಾತ ಮಲಗಿಸಿದರ ಕಕ್ಕಿದ ಹಾಲು ಉಸಿರಿಗೆ ಅಡ್ಡ ಬರೂದಿಲ್ಲೇನವ್ವಾ?" ಎಂದರು.

ಆಶಾ ಕಾರ್ಯಕರ್ತೆ ನನ್ನ ವಿಜ್ಞಾನ ಪುಸ್ತಕದ ಚಿತ್ರ ತೋರಿಸಿದರು. "ಕುತ್ತಿಗೆಯಲ್ಲಿ ಶ್ವಾಸನಾಳ ಮುಂದಿದೆ, ಅನ್ನನಾಳ ಹಿಂದಿದೆ. ಅಂಗಾತ ಮಲಗಿದಾಗ ಮೇಲಿರುವುದು ಯಾವುದು?"

"ಶ್ವಾಸನಾಳ" ಎಂದೆ.

"ಹಾಲು ಮೇಲಕ್ಕೆ ಹರಿಯುತ್ತದೆಯೇ?"

ಅಜ್ಜಿ ನಕ್ಕುಬಿಟ್ಟರು. ಬೋರಲು ಮಲಗಿಸಿದರೆ ಇದು ತಿರುವುಮುರುವಾಗುತ್ತದೆ. ಆಗ ಶ್ವಾಸನಾಳವೇ ಕೆಳಗೆ!

ಅಮೆರಿಕದಲ್ಲಿ 1994ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸುವ ಆಂದೋಲನ ಆರಂಭವಾಯಿತು. ಹತ್ತು ವರ್ಷದೊಳಗೆ, ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಔಷಧವಲ್ಲ, ಮಲಗಿಸುವ ರೀತಿ ಬದಲಾದದ್ದೇ ಇದಕ್ಕೆ ಮುಖ್ಯ ಕಾರಣ.

ಕೂಸು ರಾತ್ರಿ ಮತ್ತೆ ಮತ್ತೆ ಏಳುವುದೇಕೆ? ಅದರ ಹೊಟ್ಟೆ ಬಲು ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಸಿವಾಗುತ್ತದೆ. ಹಗಲು ರಾತ್ರಿಯ ವ್ಯತ್ಯಾಸವೂ ಅದಕ್ಕಿನ್ನೂ ತಿಳಿಯದು. ಬೈಯಬೇಡಿ!

ನೆನಪಿಡಿ: ಕೂಸು ಅಂಗಾತ ಮಲಗಲಿ. ಹಾಸಿಗೆ ಅಮ್ಮನ ಹತ್ತಿರವೇ ಇರಲಿ, ಆದರೆ ಬೇರೆಯಾಗಿರಲಿ. ದಿಂಬು, ಸಡಿಲ ಹೊದಿಕೆ ಬೇಡ. ಚಳಿಯಿದ್ದರೆ ಇನ್ನೊಂದು ಅಂಗಿ ತೊಡಿಸಿ. ಹತ್ತಿರ ಬೀಡಿ, ಸಿಗರೇಟಿನ ಹೊಗೆ ಸುಳಿಯಬಾರದು.

ಅಂದು ರಾತ್ರಿ ಅಜ್ಜಿ ಕೌದಿ ಮಡಚಿ ನನ್ನ ಕೈಗಿತ್ತರು. "ಇದು ನಿನಗ ಇರಲಿ" ಎಂದರು.