ಎಂಜಿನ್ ತಣ್ಣಗಾಗುವವರೆಗೆ

ಭಾನುವಾರದ ಬೆಳಿಗ್ಗೆ. ಮೈಸೂರಿನ ಯಾದವಗಿರಿಯ ಒಂದು ಮನೆಯ ಮುಂದೆ ಮೂವರು ಒಂದು ಮೋಟಾರ್ ಸೈಕಲ್ಲಿನ ಸುತ್ತ ನಿಂತಿದ್ದಾರೆ. ನಂಜನಗೂಡಿನಿಂದ ಬಂದ ತಂದೆ, ಆಗಷ್ಟೇ ಎಂಜಿನಿಯರಿಂಗ್ ಕಾಲೇಜು ಸೇರಿರುವ ಮಗ, ಅವರು ಜೊತೆಗೆ ಕರೆತಂದಿರುವ ಹಿರಿಯ ಮೆಕ್ಯಾನಿಕ್. ಗಾಡಿ 1987ರ ಯೆಜ್ಡಿ ರೋಡ್‌ಕಿಂಗ್; ಹುಡುಗನ ವಯಸ್ಸಿಗಿಂತ ಅದರ ವಯಸ್ಸು ಎರಡು ಪಟ್ಟು. ಹೇಳಿದ ಬೆಲೆ 75 ಸಾವಿರ ರೂಪಾಯಿ. ದಿನಾ ಕಾಲೇಜಿಗೆ ಹೋಗಿಬರಲು ಅದೇ ಬೇಕೆಂದು ಹುಡುಗನ ಹಟ.

ಮೆಕ್ಯಾನಿಕ್ ಮೊದಲು ಮಾಡಿದ ಕೆಲಸವೆಂದರೆ ಎಂಜಿನ್ನಿನ ಮೇಲೆ ಅಂಗೈ ಇಟ್ಟಿದ್ದು. ಅದು ಬೆಚ್ಚಗಿತ್ತು. ಮಾರುವವರು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದರು. ಜೋಡಿ ಸೈಲೆನ್ಸರುಗಳ ಸದ್ದಿಗೆ ಹುಡುಗನ ಮುಖ ಅರಳಿತು.

"ಬಿಸಿ ಎಂಜಿನ್ನು ಯಾರು ಒದ್ದರೂ ಏಳುತ್ತೆ ಸಾರ್. ಎರಡು ಗಂಟೆ ತಣ್ಣಗಾಗಲಿ, ಆಮೇಲೆ ನೋಡೋಣ" ಎಂದರು ಮೆಕ್ಯಾನಿಕ್.

ಆ ಎರಡು ಗಂಟೆಯನ್ನು ತಂದೆ, ಮಗ ಯಾದವಗಿರಿಯಲ್ಲಿ ತಿರುಗಾಡಿ ಕಳೆದರು. ರೈಲು ನಿಲ್ದಾಣಕ್ಕೆ ಹತ್ತಿರದ ಈ ಬಡಾವಣೆಯಲ್ಲಿ ಆಕಾಶವಾಣಿ ಕೇಂದ್ರವಿದೆ, ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಆದರೆ ಯಾದವಗಿರಿಯ ಹೆಸರನ್ನು ದೇಶದ ರಸ್ತೆಗಳಿಗೆ ಒಯ್ದದ್ದು ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು 1960ರ ದಶಕದ ಆರಂಭದಿಂದ ಇಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಮೈಸೂರಿನ ಅದೆಷ್ಟೋ ಮನೆಗಳ ಅನ್ನ ಅಲ್ಲಿಂದ ಬಂದದ್ದು. ಚಿಕ್ಕಂದಿನಲ್ಲಿ ಸೋದರಮಾವನ ಯೆಜ್ಡಿಯ ಟ್ಯಾಂಕಿನ ಮೇಲೆ ಕುಳಿತು ಚಾಮುಂಡಿ ಬೆಟ್ಟ ಹತ್ತಿದ್ದನ್ನು ತಂದೆ ನೆನೆದರು. ಹಾಗೆ ನೋಡಿದರೆ, ಆ ಗಾಡಿಯ ಮೇಲಿನ ಆಸೆ ಮಗನೊಬ್ಬನದೇ ಆಗಿರಲಿಲ್ಲ.

ಹಿಂತಿರುಗಿದಾಗ ಎಂಜಿನ್ ತಣ್ಣಗಾಗಿತ್ತು. ಈ ಗಾಡಿಯಲ್ಲಿ ಗೇರು ಹಾಕುವ ಲಿವರನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳಬೇಕು. ಈ ಸಲ ಒಂಬತ್ತು ಕಿಕ್ ಬೇಕಾದವು. ಎದ್ದ ಮೇಲೆ ದಟ್ಟವಾದ ಬಿಳಿ ಹೊಗೆ. ಹತ್ತು ನಿಮಿಷವಾದರೂ ನಿಲ್ಲಲಿಲ್ಲ.

ವಿಜ್ಞಾನ ಓದುವ ಮಕ್ಕಳಿಗೆ ಇದರ ಕಾರಣ ಕಷ್ಟವೇನಲ್ಲ. ತಣ್ಣಗಿರುವಾಗ ಪೆಟ್ರೋಲ್ ಸುಲಭವಾಗಿ ಆವಿಯಾಗದು. ಪಿಸ್ಟನ್ ಉಂಗುರಗಳು ಸವೆದಿದ್ದರೆ ಒತ್ತಡವೂ ಸಾಲದು. ಆದ್ದರಿಂದ ಎಂಜಿನ್ನಿನ ನಿಜಸ್ಥಿತಿ ಮೊದಲ ಕಿಕ್ಕಿನಲ್ಲೇ ತಿಳಿಯುತ್ತದೆ. ಇನ್ನು ಹೊಗೆಯ ವಿಷಯ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವುದರಿಂದ ಸ್ವಲ್ಪ ನೀಲಿ ಹೊಗೆ ಸಹಜ. ಆದರೆ ಇಂಥ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬರುತ್ತದೆ. ಆ ಕೋಣೆಯಿಂದ ಗಾಳಿ ಸೋರಬಾರದು. ಅದರ ರಬ್ಬರ್ ಸೀಲು ಹಾಳಾದರೆ ಗೇರುಪೆಟ್ಟಿಗೆಯ ಎಣ್ಣೆಯೂ ಒಳಗೆ ಸೇರಿ ಉರಿಯುತ್ತದೆ. ಸೀಲಿನ ಬೆಲೆ ಅಲ್ಪ. ಆದರೆ ಅದನ್ನು ಬದಲಾಯಿಸಲು ಎಂಜಿನ್ ಬಿಚ್ಚಬೇಕು. ಈಚೆಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಭಾಗಗಳಿಗೆ ಬಾಳಿಕೆ ಇನ್ನೂ ಕಡಿಮೆ. ಯೆಜ್ಡಿ ಹೆಸರಿನಲ್ಲಿ 2022ರಿಂದ ಬಂದಿರುವ ಹೊಸ ಬೈಕುಗಳದು ಫೋರ್ ಸ್ಟ್ರೋಕ್ ಎಂಜಿನ್. ಅವುಗಳ ಎಂಜಿನ್ ಬಿಡಿಭಾಗ ಇದಕ್ಕೆ ಒದಗದು.

ಇದೆಲ್ಲ ರಿಪೇರಿಯಾಗುವ ಮಾತಾಯಿತು. ತಂದೆಯನ್ನು ಚಿಂತೆಗೆ ಹಚ್ಚಿದ್ದು ಬ್ರೇಕು. ಈ ಗಾಡಿಯ ಎರಡೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕು. ವೇಗ 30ರಿಂದ 60 ಕಿ.ಮೀ.ಗೆ ಏರಿದರೆ ಚಲನಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸವಾರ ಒಂದು ಸೆಕೆಂಡು ತಡಮಾಡಿದರೂ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ಕೆಲಸ ಶುರುವಾಗುವುದೇ ಆಮೇಲೆ. ನಂಜನಗೂಡಿನಿಂದ ಮೈಸೂರಿಗೆ ಹೋಗಿಬರುವ ಹೆದ್ದಾರಿಯ ದಾರಿ ದಿನಕ್ಕೆ ಸುಮಾರು 50 ಕಿ.ಮೀ. ಲಾರಿ, ಬಸ್ಸುಗಳ ನಡುವೆ, ಮಳೆಯಲ್ಲಿ, ಹೊಸದಾಗಿ ಲೈಸೆನ್ಸ್ ಪಡೆದ ಹುಡುಗ. ತಂದೆ ಮಾತಾಡದೆ ಹಿಂದಿನ ಚಕ್ರವನ್ನೇ ನೋಡುತ್ತ ನಿಂತರು.

ಕೊನೆಗೆ ಆರ್.ಸಿ. ಪುಸ್ತಕ ಕೇಳಿದರು. ಚಾಸಿ ನಂಬರು, ಎಂಜಿನ್ ನಂಬರು ಎರಡೂ ಸರಿಯಾಗಿದ್ದವು. ಆದರೆ ಪುಸ್ತಕದಲ್ಲಿದ್ದ ಹೆಸರು ಮಾರುವವರದಲ್ಲ. ಅವರಿಗೆ ಮಾರಿದ ಹಿಂದಿನ ಮಾಲೀಕರದು. ಹೊಸ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಕೊನೆಯ ನವೀಕರಣ ಆಗಿದ್ದು 2017ರಲ್ಲಿ. ಅವಧಿ 2022ಕ್ಕೇ ಮುಗಿದಿತ್ತು. ವಿಮೆಯೂ ಇರಲಿಲ್ಲ. ನಾಳೆ ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾದರೆ, ಮೂರನೆಯವರ ವಿಮೆಯಿಲ್ಲದ ಗಾಡಿಯ ಪರಿಹಾರದ ಹೊಣೆ ಒಂದು ಸಂಸಾರವನ್ನೇ ಮುಳುಗಿಸಬಲ್ಲದು.

"ಪುಸ್ತಕ ನಿಮ್ಮ ಹೆಸರಿಗೆ ಆಗಲಿ, ನೋಂದಣಿ ನವೀಕರಣವಾಗಲಿ. ಆಗ ನಮೂನೆ 29, 30ಕ್ಕೆ ಸಹಿ ಹಾಕೋಣ" ಎಂದು ತಂದೆ ನಯವಾಗಿಯೇ ಹೇಳಿದರು. "ಮುಂಗಡವಾಗಿ ಐದು ಸಾವಿರವಾದರೂ ಕೊಟ್ಟು ಹೋಗಿ, ಇನ್ನೊಬ್ಬರು ಕೇಳ್ತಿದ್ದಾರೆ" ಎಂದರು ಮಾರುವವರು. ತಂದೆ ಕೊಡಲಿಲ್ಲ.

ಬಸ್ ನಿಲ್ದಾಣದವರೆಗೂ ಹುಡುಗ ಮಾತಾಡಲಿಲ್ಲ. "ಬೇರೆ ಯಾರಾದ್ರೂ ತಗೊಂಡುಬಿಟ್ರೆ ಏನಪ್ಪಾ?" ಎಂದ ಕೊನೆಗೆ.

"ತಗೊಳ್ಳಲಿ ಬಿಡೋ. ಇನ್ನೊಂದು ಸಿಗುತ್ತೆ. ಆದ್ರೆ ಸಿಕ್ಕಿದ್ರೂ ಅದು ಭಾನುವಾರದ ಗಾಡಿ, ಕಾಲೇಜಿಗಲ್ಲ. ಕಾಲೇಜಿಗೆ ಬಸ್ ಪಾಸು."

ಮೆಕ್ಯಾನಿಕ್ ಹುಡುಗನ ಹೆಗಲ ಮೇಲೆ ಕೈ ಹಾಕಿದರು. "ಮುಂದಿನ ವಾರ ಗ್ಯಾರೇಜಿಗೆ ಬಾರಪ್ಪ. ಕಾರ್ಬುರೇಟರ್ ಬಿಚ್ಚಿ ತೊಳೆಯೋದು ಕಲಿಸ್ತೀನಿ. ಈ ಗಾಡಿ ಇಟ್ಟುಕೊಳ್ಳೋರಿಗೆ ಅಷ್ಟಾದರೂ ಬರಬೇಕು."

ಹುಡುಗ ತಲೆಯಾಡಿಸಿದ. ನಂಜನಗೂಡಿನ ಬಸ್ಸು ಬಂತು. ಹತ್ತುವ ಮೊದಲು ಅವನು ಕೇಳಿದ್ದು ಇಷ್ಟೇ: "ಎಷ್ಟು ಗಂಟೆಗೆ ಬರಲಿ?"